ಬಳಸಿದ ಗಾಜಿನ ಬಾಟಲಿಯಿಂದ ಅಂಗಳದ ದೀಪ: ತಯಾರಿಸುವ ವಿಧಾನ ಮತ್ತು ಸುರಕ್ಷತಾ ಕ್ರಮಗಳು

ಸಾರ್ವಜನಿಕರ ಮಾಹಿತಿಗಾಗಿ

ವಿವಾಹ, ಆರತಕ್ಷತೆ, ಸಾಂಸ್ಕೃತಿಕ ಕಾರ್ಯಕ್ರಮ ಮುಂತಾದ ಬಯಲು ಸಮಾರಂಭಗಳಿಗೆ ಅನುಮತಿ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಹಾಗೂ ಹೋಂಸ್ಟೇ, ತೋಟದ ಮನೆ, ಬಯಲು ಉಪಾಹಾರಗೃಹಗಳನ್ನು ನಡೆಸುವವರು ಖಾಲಿ ಗಾಜಿನ ಬಾಟಲಿಗಳಿಗೆ ಸೀಮೆಎಣ್ಣೆ ತುಂಬಿ, ಬತ್ತಿ ಹಾಕಿ, ಅಂಗಳದಲ್ಲಿ ಪಂಜಿನಂತೆ ಉರಿಸುವ ರೂಢಿ ಇದೆ. ಇಂತಹ ದೀಪವನ್ನು ತಯಾರಿಸುವುದು ಕಷ್ಟದ ಕೆಲಸವಲ್ಲ, ಖರ್ಚೂ ಕಡಿಮೆ. ಆದರೆ ದೀಪಕ್ಕೆಂದು ತಯಾರಾಗದ ಪಾತ್ರೆಯೊಂದು ದೀಪವಾಗುವಾಗ ಅದರ ಬಾಯಿ, ಬುಡ ಮತ್ತು ಒಳಗಿನ ಇಂಧನ ಈ ಮೂರರ ಬಗ್ಗೆ ಎಚ್ಚರ ವಹಿಸದಿದ್ದಲ್ಲಿ ಗಂಭೀರ ಸುಟ್ಟಗಾಯಗಳು ಹಾಗೂ ಪ್ರಾಣಾಪಾಯ ಸಂಭವಿಸಬಹುದು. ಆದುದರಿಂದ ತಯಾರಿಸುವ ವಿಧಾನವನ್ನೂ ಅನುಸರಿಸಬೇಕಾದ ಮುನ್ನೆಚ್ಚರಿಕೆಗಳನ್ನೂ ಈ ಪುಟದಲ್ಲಿ ಒಟ್ಟಾಗಿ ನೀಡಲಾಗಿದೆ. ಅರ್ಜಿ ಸಲ್ಲಿಸುವ ಮುನ್ನ ಪೂರ್ಣವಾಗಿ ಓದಿಕೊಳ್ಳಬೇಕೆಂದು ಕೋರಲಾಗಿದೆ.

ಹಿನ್ನೆಲೆ

ಬಾಟಲಿ ದೀಪ ನಮ್ಮ ಜನರಿಗೆ ಹೊಸದಲ್ಲ. ಹಳೇ ಮೈಸೂರು ಭಾಗದಲ್ಲಿ ಬುಡ್ಡಿ ಎಂದೂ, ಉತ್ತರ ಕರ್ನಾಟಕದಲ್ಲಿ ಚಿಮಣಿ ಎಂದೂ ಕರೆಯಲ್ಪಡುತ್ತಿದ್ದ ದೀಪಗಳಲ್ಲಿ ತಗಡಿನವು ಕೆಲವಾದರೆ, ಔಷಧಿ ಸೀಸೆ ಅಥವಾ ಶಾಯಿ ಬುಡ್ಡಿಯ ಮುಚ್ಚಳಕ್ಕೆ ತೂತು ಕೊರೆದು, ಹಳೆಯ ಬಟ್ಟೆಯ ಬತ್ತಿ ಏರಿಸಿ ಮನೆಯಲ್ಲಿಯೇ ಮಾಡಿಕೊಂಡವು ಹಲವು. ವಿದ್ಯುತ್ ಸಂಪರ್ಕವಿಲ್ಲದ ಮನೆಗಳಲ್ಲಿ ಅಡುಗೆಯೂ ಮಕ್ಕಳ ಓದೂ ಇದೇ ಬೆಳಕಿನಲ್ಲಿ ನಡೆಯುತ್ತಿದ್ದವು. ರಾಜ್ಯದ ಭಾಗ್ಯಜ್ಯೋತಿ ಯೋಜನೆ ಹಾಗೂ 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸೌಭಾಗ್ಯ ಯೋಜನೆಯಂತಹ ಕಾರ್ಯಕ್ರಮಗಳ ಫಲವಾಗಿ ಈ ದೀಪಗಳು ಮನೆಯೊಳಗಿನಿಂದ ಬಹುಮಟ್ಟಿಗೆ ಮರೆಯಾದವು. ಈಗ ಅದೇ ದೀಪ ಅಲಂಕಾರದ ವಸ್ತುವಾಗಿ ಅಂಗಳಕ್ಕೆ ಮರಳಿದೆ. ವ್ಯತ್ಯಾಸವೆಂದರೆ, ಬುಡ್ಡಿಯೊಂದಿಗೆ ಬದುಕಿದ ಹಿರಿಯರಿಗೆ ಅದರ ಅಪಾಯ ಅನುಭವದಿಂದ ತಿಳಿದಿತ್ತು. ಇಂದು ಅದನ್ನು ಹಚ್ಚುವವರಲ್ಲಿ ಅನೇಕರಿಗೆ ಆ ಅನುಭವ ಇರುವುದಿಲ್ಲ.

ಬಾಟಲಿ ದೀಪದ ದೋಷಗಳನ್ನು ಅತ್ಯಂತ ಸ್ಪಷ್ಟವಾಗಿ ಗುರುತಿಸಿದವರು ನೆರೆಯ ಶ್ರೀಲಂಕಾದ ಶಸ್ತ್ರಚಿಕಿತ್ಸಾ ತಜ್ಞ ಡಾ. ವಿಜಯ ಗೋಡಕುಂಬುರ. ಮನೆಯಲ್ಲಿ ಮಾಡಿದ ಸೀಮೆಎಣ್ಣೆ ಬಾಟಲಿ ದೀಪ ಉರುಳಿ ಸುಟ್ಟುಕೊಂಡವರಿಗೆ ಚಿಕಿತ್ಸೆ ನೀಡುತ್ತಿದ್ದ ಅವರು, ಗಾಯಕ್ಕೆ ಮದ್ದು ಮಾಡುವುದರ ಜೊತೆಗೆ ದೀಪಕ್ಕೇ ಮದ್ದು ಹುಡುಕಿದರು. ಅವರು ರೂಪಿಸಿದ ‘ಸುದೀಪ’ ಎಂಬ ದೀಪ ಕುಳ್ಳಗಿದ್ದು, ದಪ್ಪ ಗಾಜಿನಿಂದ ಭಾರವಾಗಿರುತ್ತದೆ. ಉರುಳಿ ಹೋಗದಂತೆ ಅದರ ಎರಡು ಪಕ್ಕಗಳು ಚಪ್ಪಟೆಯಾಗಿರುತ್ತವೆ. ಮಗುಚಿದರೂ ಎಣ್ಣೆ ಚೆಲ್ಲದಂತೆ ತಿರುಪಿನ ಲೋಹದ ಮುಚ್ಚಳವಿರುತ್ತದೆ. ಈ ಕಾರ್ಯಕ್ಕಾಗಿ ಅವರಿಗೆ 1998ರಲ್ಲಿ ರೋಲೆಕ್ಸ್ ಪ್ರಶಸ್ತಿ ದೊರೆಯಿತು. ಅಂಗಳದ ದೀಪವನ್ನು ಮಾಡಬಯಸುವವರು ಈ ನಾಲ್ಕು ಗುಣಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಸಾಕು. ಮುಂದಿನ ಸೂಚನೆಗಳೆಲ್ಲವೂ ಅವುಗಳ ವಿಸ್ತರಣೆಯೇ ಆಗಿವೆ.

ಇಂಧನ

ಅಪಾಯದ ಮೂಲ ಬಾಟಲಿಗಿಂತ ಹೆಚ್ಚಾಗಿ ಇಂಧನದಲ್ಲಿರುವುದರಿಂದ ಮೊದಲು ಅದನ್ನು ಅರಿಯುವುದು ಅಗತ್ಯ. ದ್ರವ ಇಂಧನ ತಾನಾಗಿ ಉರಿಯುವುದಿಲ್ಲ. ಅದರ ಆವಿ ಗಾಳಿಯೊಂದಿಗೆ ಬೆರೆತು ಉರಿಯುತ್ತದೆ. ಎಷ್ಟು ಉಷ್ಣತೆಯಲ್ಲಿ ಮೇಲ್ಮೈಯ ಆವಿ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವಷ್ಟಾಗುತ್ತದೆಯೋ ಅದನ್ನು ಜ್ವಲನಾಂಕ ಎನ್ನಲಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಸೀಮೆಎಣ್ಣೆಯ ಜ್ವಲನಾಂಕ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರುವಂತಿಲ್ಲ. ಪೆಟ್ರೋಲಿನ ಜ್ವಲನಾಂಕ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದೆ. ಅಂದರೆ ನಮ್ಮ ನಾಡಿನ ಯಾವ ಋತುವಿನಲ್ಲಿಯೂ ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ. ಆದುದರಿಂದ ಪೆಟ್ರೋಲ್, ತಿನ್ನರ್ ಮತ್ತು ಸ್ಪಿರಿಟ್‌ಗಳನ್ನು ಬಾಟಲಿ ದೀಪದಲ್ಲಿ ಯಾವ ಪ್ರಮಾಣದಲ್ಲಿಯೂ ಬಳಸತಕ್ಕದ್ದಲ್ಲ. ಸೀಮೆಎಣ್ಣೆಗೆ ಸ್ವಲ್ಪವೇ ಪೆಟ್ರೋಲ್ ಬೆರೆತರೂ ಜ್ವಲನಾಂಕ ತೀವ್ರವಾಗಿ ಇಳಿಯುತ್ತದೆ. ದೀಪ ಬೇಗ ಹೊತ್ತಲೆಂದು ಹಾಗೆ ಬೆರೆಸುವುದು ಆತ್ಮಘಾತುಕ ಅಭ್ಯಾಸ.

ಇಲ್ಲಿ ನಮ್ಮ ಹವಾಮಾನಕ್ಕೆ ಸಂಬಂಧಿಸಿದ ಅಂಶವೊಂದನ್ನು ವಿಶೇಷವಾಗಿ ಗಮನಿಸತಕ್ಕದ್ದು. 35 ಡಿಗ್ರಿ ಎಂಬುದು ಕರ್ನಾಟಕದಲ್ಲಿ ದೊಡ್ಡ ಉಷ್ಣತೆಯೇನಲ್ಲ. ರಾಯಚೂರು, ಕಲಬುರಗಿ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಹಗಲಿನ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಬಿಸಿಲಿನಲ್ಲಿಟ್ಟ ಗಾಜಿನ ಬಾಟಲಿಯ ಒಳಗೆ ಅದು ಇನ್ನೂ ಹೆಚ್ಚು. ಸಂಜೆಯ ಸಮಾರಂಭಕ್ಕೆಂದು ಮಧ್ಯಾಹ್ನವೇ ಬಾಟಲಿಗಳಿಗೆ ಸೀಮೆಎಣ್ಣೆ ತುಂಬಿ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದರೆ, ದೀಪ ಹಚ್ಚುವ ವೇಳೆಗೆ ಎಣ್ಣೆಯ ಮೇಲಿನ ಖಾಲಿ ಜಾಗದಲ್ಲಿ ಹೊತ್ತಿಕೊಳ್ಳಬಲ್ಲ ಆವಿ ಸಂಗ್ರಹವಾಗಿರುತ್ತದೆ. ಬತ್ತಿ ಸಡಿಲವಾಗಿದ್ದಲ್ಲಿ ಜ್ವಾಲೆ ಒಳಕ್ಕೆ ಇಳಿಯುತ್ತದೆ, ಬಾಟಲಿ ಸಿಡಿಯುತ್ತದೆ. ಆದ್ದರಿಂದ ಬಾಟಲಿಗಳನ್ನು ನೆರಳಿನಲ್ಲಿಟ್ಟು, ಸಂಜೆ ತಂಪಾದ ನಂತರವೇ ಎಣ್ಣೆ ತುಂಬಬೇಕು. ಸೀಮೆಎಣ್ಣೆ ಮುಗಿಯುತ್ತಾ ಬಂದ ದೀಪವು ತುಂಬಿದ ದೀಪಕ್ಕಿಂತ ಸುರಕ್ಷಿತವೆಂಬ ಭಾವನೆ ಸಾಮಾನ್ಯವಾಗಿದೆ. ಅದು ಸರಿಯಲ್ಲ, ಖಾಲಿ ಜಾಗ ಹೆಚ್ಚಿದಷ್ಟೂ ಆವಿಗೆ ಅವಕಾಶ ಹೆಚ್ಚು.

ಪಡಿತರ ವ್ಯವಸ್ಥೆಯ ಮೂಲಕ ವಿತರಿಸುವ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸಿ ಗುರುತು ಮಾಡಲಾಗಿರುತ್ತದೆ. ಅದು ಕಾರ್ಡುದಾರ ಕುಟುಂಬಗಳ ಉಪಯೋಗಕ್ಕಾಗಿ ನೀಡುವಂತಹುದಾಗಿದ್ದು, ಸಮಾರಂಭಗಳ ಅಲಂಕಾರಕ್ಕೆ ತಿರುಗಿಸುವುದು ಉಚಿತವಲ್ಲ.

ಬಾಟಲಿಯ ಆಯ್ಕೆ

ಗುಜರಿ ಅಂಗಡಿಯಲ್ಲಿ ದೊರೆಯುವ ಬಾಟಲಿಗಳೆಲ್ಲವೂ ದೀಪಕ್ಕೆ ಯೋಗ್ಯವಲ್ಲ. ಉದ್ದ ಕುತ್ತಿಗೆಯ ಬಾಟಲಿ ನೋಡಲು ಸೊಗಸಾಗಿದ್ದರೂ ಗಾಳಿಗೆ, ಸೆರಗಿಗೆ, ಓಡಾಡುವ ಮಗುವಿನ ಕೈಗೆ ಸುಲಭವಾಗಿ ಉರುಳುತ್ತದೆ. ಅದನ್ನು ಗೋಡೆಗೆ ಅಥವಾ ಕಂಬಕ್ಕೆ ಲೋಹದ ಕ್ಲಾಂಪಿನಿಂದ ಬಿಗಿದು ಮಾತ್ರ ಬಳಸಬಹುದು. ನೆಲ ಅಥವಾ ಮೇಜಿನ ಮೇಲಿಡುವ ದೀಪಕ್ಕೆ ಜ್ಯಾಮ್, ಉಪ್ಪಿನಕಾಯಿ, ಕಾಫಿ ಪುಡಿಗಳ ಕುಳ್ಳಗಿನ, ಅಗಲ ಬುಡದ, ದಪ್ಪ ಗಾಜಿನ ಬಾಟಲಿಗಳೇ ಸೂಕ್ತ. ಚೌಕ ಆಕಾರದ್ದಾದರೆ ಇನ್ನೂ ಒಳ್ಳೆಯದು. ಮುಚ್ಚಳ ಲೋಹದ್ದಾಗಿದ್ದು ತಿರುಪಿನಿಂದ ಬಿಗಿಯಾಗಿ ಕೂರುವಂತಿರಬೇಕು. ಪ್ಲಾಸ್ಟಿಕ್ ಮುಚ್ಚಳ, ಬೆಂಡು, ಬಟ್ಟೆ ಅಥವಾ ಕಾಗದ ತುರುಕಿದ ಬಾಯಿ, ಇವು ಯಾವುವೂ ಕೂಡದು.

ಬಾಟಲಿಯ ಗಾಜು ಮರಳು, ಸೋಡಾ ಬೂದಿ ಮತ್ತು ಸುಣ್ಣದ ಕಲ್ಲಿನಿಂದ ತಯಾರಾದ ಸಾಮಾನ್ಯ ಗಾಜು. ಪ್ರಯೋಗಾಲಯದಲ್ಲಿ ಬಳಸುವ ಬೋರೋಸಿಲಿಕೇಟ್ ಗಾಜಿಗೆ ಹೋಲಿಸಿದರೆ ಇದು ಬಿಸಿಗೆ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಹಿಗ್ಗುತ್ತದೆ. ಒಂದು ಭಾಗ ಬಿಸಿಯಾಗಿ ಮತ್ತೊಂದು ಭಾಗ ತಣ್ಣಗೆ ಉಳಿದರೆ ಸೀಳು ಬಿಡುತ್ತದೆ. ಉರಿಯುತ್ತಿರುವ ದೀಪದ ಮೇಲೆ ಮಳೆಹನಿ ಬಿದ್ದಾಗ ಬಾಟಲಿ ಒಡೆಯುವುದು ಇದೇ ಕಾರಣದಿಂದ. ಬಾಯಿಯ ಅಂಚು ಚೂರಾದ, ಗೀರು ಬಿದ್ದ ಅಥವಾ ಗಾಜಿನೊಳಗೆ ಗಾಳಿಗುಳ್ಳೆ ಇರುವ ಬಾಟಲಿಗಳನ್ನು ತಿರಸ್ಕರಿಸಿರಿ. ಉಗುರಿನ ತುದಿಯನ್ನು ಅಂಚಿನ ಸುತ್ತ ಆಡಿಸಿ ನೋಡಿದರೆ ಕಣ್ಣಿಗೆ ಕಾಣದ ಸೀಳೂ ತಿಳಿಯುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ದಾರ ಸುತ್ತಿ ಬೆಂಕಿ ಹಚ್ಚಿ ಬಾಟಲಿಯನ್ನು ಕತ್ತರಿಸುವ ವಿಧಾನ ಪ್ರಚಾರದಲ್ಲಿದೆ. ಈ ದೀಪಕ್ಕೆ ಬಾಟಲಿಯನ್ನು ಕತ್ತರಿಸುವ ಅಗತ್ಯವೇ ಇಲ್ಲ, ಕತ್ತರಿಸಬಾರದು ಕೂಡ.

ಪ್ರಾಸಂಗಿಕವಾಗಿ ಒಂದು ಮಾತು. ಬಿಯರ್ ಬಾಟಲಿಯಂತಹವು ಗುಜರಿಯ ಮೂಲಕ ಮರಳಿ ತೊಳೆಯಲ್ಪಟ್ಟು ಪುನಃ ತುಂಬಲ್ಪಡುವ ವ್ಯವಸ್ಥೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅಂತಹ ಬಾಟಲಿಯನ್ನು ದೀಪವಾಗಿಸಿದರೆ ಪರಿಸರಕ್ಕೆ ವಿಶೇಷ ಲಾಭವಾಯಿತೆಂದು ಹೇಳಲಾಗದು. ಹಿಂದಿರುಗಿ ಹೋಗದ, ವಿಚಿತ್ರ ಆಕಾರದ ಬಾಟಲಿಗಳನ್ನು ಆಯ್ದುಕೊಂಡರೆ ಮರುಬಳಕೆಯ ಉದ್ದೇಶ ನಿಜವಾಗಿ ಈಡೇರುತ್ತದೆ.

ತಯಾರಿಸುವ ವಿಧಾನ

ಬಾಟಲಿಯನ್ನು ಬಿಸಿನೀರು ಮತ್ತು ಸೋಪಿನಿಂದ ತೊಳೆದು, ಒಂದು ದಿನ ಮಗುಚಿಟ್ಟು ಒಣಗಿಸಬೇಕು. ಒಳಗೆ ನೀರಿನ ಪಸೆ ಉಳಿದರೆ ಅದು ಸೀಮೆಎಣ್ಣೆಯ ಕೆಳಗೆ ಸೇರಿ ಬತ್ತಿಗೆ ಏರುತ್ತದೆ. ದೀಪ ಚಿಟಿಚಿಟಿ ಸಿಡಿದು ಆರುತ್ತದೆ.

ಮುಚ್ಚಳದ ನಡುವೆ ತೂತು ಕೊರೆದು, ತಿರುಪುಳ್ಳ ಹಿತ್ತಾಳೆಯ ಸಣ್ಣ ಕೊಳವೆಯೊಂದನ್ನು ತೂರಿಸಿ, ಮುಚ್ಚಳದ ಮೇಲೊಂದು ಕೆಳಗೊಂದು ನಟ್ ಹಾಕಿ ಬಿಗಿಯಬೇಕು. ಕೊಳವೆ ಮುಚ್ಚಳಕ್ಕಿಂತ 2ರಿಂದ 3 ಸೆಂಟಿಮೀಟರ್ ಎತ್ತರಕ್ಕೆ ಚಾಚಿರಲಿ. ಜ್ವಾಲೆ ಮುಚ್ಚಳದಿಂದ ದೂರವಿದ್ದಷ್ಟೂ ಗಾಜು ತಂಪಾಗಿರುತ್ತದೆ. ಕೊಳವೆಯನ್ನು ಸೀಸದ ಬೆಸುಗೆಯಿಂದಾಗಲಿ ಅಂಟಿನಿಂದಾಗಲಿ ಕೂರಿಸುವುದು ಸಲ್ಲದು. ತಗಡಿಗೆ ಹಾಕುವ ಸಾಮಾನ್ಯ ಬೆಸುಗೆ 200 ಡಿಗ್ರಿಗೂ ಮೊದಲೇ ಕರಗುತ್ತದೆ. ಗೋಡೆಗೆ ಬಿಗಿಯುವ ಉದ್ದ ಬಾಟಲಿಗಾದರೆ, ಪ್ಲಂಬಿಂಗ್ ಅಂಗಡಿಯಲ್ಲಿ ದೊರೆಯುವ ತಾಮ್ರದ ಅಥವಾ ಹಿತ್ತಾಳೆಯ ಅರ್ಧ ಇಂಚಿನ ಕಪ್ಲಿಂಗಿಗೆ ಟೆಫ್ಲಾನ್ ಟೇಪನ್ನು ಸುತ್ತುತ್ತಾ ಹೋಗಿ, ಬಾಟಲಿಯ ಬಾಯಿಗೆ ಒತ್ತಿ ಕೂರಿಸುವ ವಿಧಾನವೂ ಇದೆ. ಬಾಟಲಿಯನ್ನು ಅಡ್ಡ ಹಿಡಿದರೂ ಕಪ್ಲಿಂಗ್ ಕದಲದಷ್ಟು ಬಿಗಿಯಿರಬೇಕು.

ಬತ್ತಿಗೆ ಶುದ್ಧ ಹತ್ತಿಯ ಹೆಣೆದ ಬತ್ತಿ, ಅಂದರೆ ಬತ್ತಿ ಸ್ಟವ್‌ಗೆ ಬಳಸುವಂತಹುದು, ಸಾಕಾಗುತ್ತದೆ. ಗಾಜಿನ ನಾರಿನ ಬತ್ತಿ ದೊರೆತರೆ ಬಾಳಿಕೆ ಹೆಚ್ಚು. ಸಿಂಥೆಟಿಕ್ ಮಿಶ್ರಿತ ಬಟ್ಟೆಯ ಬತ್ತಿ ಕರಗಿ ತೊಟ್ಟಿಕ್ಕುವುದರಿಂದ ಅದನ್ನು ಬಳಸಬಾರದು. ಬತ್ತಿ ಕೊಳವೆಯಲ್ಲಿ ತುಂಬಿ ನಿಲ್ಲುವಷ್ಟು ದಪ್ಪವಿದ್ದು, ಬೆರಳಿನಿಂದ ಎಳೆದರೆ ಮಾತ್ರ ಜರುಗಬೇಕು. ಇದು ಈ ದೀಪದ ಅತಿ ಮುಖ್ಯ ಅಂಶ. ಬತ್ತಿಗೂ ಕೊಳವೆಗೂ ನಡುವೆ ಸಂದು ಇದ್ದರೆ ಅದೇ ಜ್ವಾಲೆ ಒಳಗಿಳಿಯುವ ದಾರಿ. ಹಾಗೆಂದು ಬಾಟಲಿ ಪೂರ್ಣ ಬಂಧಿಯಾದರೆ, ಎಣ್ಣೆ ಇಳಿದಂತೆ ಒಳಗೆ ಗಾಳಿ ಸೇರಲಾರದೆ ದೀಪ ಮಂಕಾಗುತ್ತದೆ. ಮುಚ್ಚಳದ ಅಂಚಿನ ಬಳಿ, ಕೊಳವೆಯಿಂದ ದೂರವಾಗಿ, ಸೂಜಿಯ ಮೊನೆಯಷ್ಟು ಕಿರಿದಾದ ಒಂದು ರಂಧ್ರ ಮಾಡಿದರೆ ಈ ತೊಂದರೆ ಇರುವುದಿಲ್ಲ.

ಬಾಟಲಿಯ ತಳದಲ್ಲಿ ತೊಳೆದು ಒಣಗಿಸಿದ ಸಣ್ಣ ಬೆಣಚುಕಲ್ಲುಗಳನ್ನು ಮೂರನೇ ಒಂದು ಭಾಗದಷ್ಟು ತುಂಬುವುದು ಉತ್ತಮ. ಬುಡ ಭಾರವಾಗಿ ದೀಪ ಸ್ಥಿರವಾಗುತ್ತದೆ. ಬೇಕಾಗುವ ಎಣ್ಣೆಯೂ ಕಡಿಮೆಯಾಗುತ್ತದೆ. ಒಂದು ಸಂಜೆಗೆ ಅಗತ್ಯವಿರುವಷ್ಟೇ ಎಣ್ಣೆ ಹಾಕಬೇಕು, ಮತ್ತು ಎಂದಿಗೂ ಬಾಟಲಿಯ ಮುಕ್ಕಾಲು ಭಾಗವನ್ನು ಮೀರಬಾರದು. ಎಣ್ಣೆ ಹಾಕಿದ ಮೇಲೆ ಬಾಟಲಿಯ ಹೊರಭಾಗವನ್ನು ಒಣಬಟ್ಟೆಯಿಂದ ಒರೆಸಿ, ಬತ್ತಿ ಪೂರ್ತಿ ನೆನೆಯಲು ಅರ್ಧ ಗಂಟೆ ಬಿಟ್ಟು, ಕೊಳವೆಯ ಮೇಲೆ ಅರ್ಧ ಸೆಂಟಿಮೀಟರ್‌ನಷ್ಟು ಬತ್ತಿ ಉಳಿಯುವಂತೆ ಕತ್ತರಿಸಿ ಹಚ್ಚಬಹುದು. ಕಪ್ಪು ಹೊಗೆ ಬಂದರೆ ಬತ್ತಿ ಹೆಚ್ಚು ಚಾಚಿದೆ ಎಂದು ಅರ್ಥ.

ನಂದಿಸಲು ಊದಬಾರದು. ಕೊಳವೆಯ ಮೇಲೆ ಸಲೀಸಾಗಿ ಕೂರುವ ಲೋಹದ ಟೋಪಿಯೊಂದನ್ನು ಪ್ರತಿ ದೀಪಕ್ಕೂ ಸಿದ್ಧವಾಗಿಟ್ಟುಕೊಂಡು, ಇಕ್ಕಳದಿಂದ ಹಿಡಿದು ಮುಚ್ಚಬೇಕು. ಉರಿಯುವ ಅಥವಾ ಆಗತಾನೇ ನಂದಿಸಿದ ದೀಪಕ್ಕೆ ಎಣ್ಣೆ ಸುರಿಯುವುದನ್ನು ಕಡ್ಡಾಯವಾಗಿ ನಿಷೇಧಿಸಿಕೊಳ್ಳಿ. ಕಾರ್ಯಕ್ರಮದ ನಡುವೆ ದೀಪ ಆರಿದರೆ ಅದು ಆರಿಯೇ ಇರಲಿ.

ಖಾದ್ಯತೈಲ ಮತ್ತು ಹೊಂಗೆ ಎಣ್ಣೆಯ ದೀಪ

ಸೀಮೆಎಣ್ಣೆಯ ಬದಲು ತೆಂಗಿನ ಎಣ್ಣೆ, ಎಳ್ಳೆಣ್ಣೆ ಅಥವಾ ಹೊಂಗೆ ಎಣ್ಣೆಯನ್ನು ಬಳಸಬಹುದೇ ಎಂದು ಅನೇಕರು ವಿಚಾರಿಸುತ್ತಾರೆ. ಬಳಸಬಹುದು, ಸುರಕ್ಷತೆಯ ದೃಷ್ಟಿಯಿಂದ ಅದೇ ಮೇಲು. ಈ ಎಣ್ಣೆಗಳ ಜ್ವಲನಾಂಕ 200 ಡಿಗ್ರಿಗಿಂತ ಹೆಚ್ಚು. ಚೆಲ್ಲಿದ ಸೀಮೆಎಣ್ಣೆಯಂತೆ ಚೆಲ್ಲಿದ ತೆಂಗಿನ ಎಣ್ಣೆ ಕ್ಷಣದಲ್ಲಿ ಹೊತ್ತಿಕೊಳ್ಳುವುದಿಲ್ಲ. ಆದರೆ ಅವು ಸೀಮೆಎಣ್ಣೆಗಿಂತ ಹಲವು ಪಟ್ಟು ಮಂದವಾಗಿರುವುದರಿಂದ ಉದ್ದನೆಯ ಬತ್ತಿಯಲ್ಲಿ ಮೇಲಕ್ಕೆ ಏರಲಾರವು. ಬಾಟಲಿಯ ತಳದಲ್ಲಿ ಎಣ್ಣೆ, ಬಾಯಿಯಲ್ಲಿ ಜ್ವಾಲೆ ಎಂಬ ವ್ಯವಸ್ಥೆ ಅವಕ್ಕೆ ಒಗ್ಗುವುದಿಲ್ಲ. ನಮ್ಮ ಹಣತೆ, ಕಾಲುದೀಪಗಳು ಆಳವಿಲ್ಲದೆ ತಟ್ಟೆಯಂತೆ ಇರುವುದರ ಹಿಂದೆ ಇದೇ ತಿಳಿವಳಿಕೆ ಇದೆ: ಜ್ವಾಲೆ ಎಣ್ಣೆಯ ಮೇಲ್ಮೈಗೆ ಅಂಟಿಕೊಂಡಂತೆಯೇ ಇರಬೇಕು.

ಆದುದರಿಂದ ಖಾದ್ಯತೈಲಕ್ಕೆ ಬಾಯಿ ಅಗಲವಾದ ಜಾಡಿಯನ್ನು ಆರಿಸಿ, ಮುಚ್ಚಳವಿಲ್ಲದೆ, ಮುಕ್ಕಾಲು ಭಾಗ ನೀರು ತುಂಬಿ, ಅದರ ಮೇಲೆ ಎರಡು ಬೆರಳಿನಷ್ಟು ಎಣ್ಣೆ ಹಾಕಿ, ತೇಲುವ ಬತ್ತಿಯನ್ನು ಬಿಡಬೇಕು. ಎಣ್ಣೆ ಮುಗಿದಾಗ ಬತ್ತಿ ನೀರಿಗೆ ತಾಗಿ ದೀಪ ತಾನಾಗಿ ಆರುತ್ತದೆ. ತೆಂಗಿನ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದರಿಂದ ಮಡಿಕೇರಿ, ಚಿಕ್ಕಮಗಳೂರಿನ ಚಳಿಗಾಲದ ರಾತ್ರಿಗಳಿಗೆ ಅದು ಸರಿಹೋಗದು. ಹೊಂಗೆ ಎಣ್ಣೆ ದೀಪಕ್ಕೆ ಹಿಂದಿನಿಂದಲೂ ಬಳಕೆಯಲ್ಲಿದ್ದು, ವಾಸನೆ ಮತ್ತು ಹೊಗೆ ತುಸು ಹೆಚ್ಚಾದರೂ ಬಯಲಿನಲ್ಲಿ ಅಡ್ಡಿಯಿಲ್ಲ. ಆದರೆ ಅದು ತಿನ್ನಲು ಯೋಗ್ಯವಾದ ಎಣ್ಣೆಯಲ್ಲವಾದ್ದರಿಂದ ಅಡುಗೆ ಎಣ್ಣೆಯ ಜೊತೆ ಇಡಬಾರದು.

ಎಲ್ಲಿ ಇಡಬೇಕು, ಎಲ್ಲಿ ಇಡಬಾರದು

ಬಾಟಲಿ ದೀಪ ಬಯಲಿಗೆ ಮಾತ್ರ. ಶಾಮಿಯಾನ, ಪೆಂಡಾಲ್, ತೆಂಗಿನ ಗರಿಯ ಚಪ್ಪರ, ಹುಲ್ಲಿನ ಮಾಡು ಇವುಗಳ ಕೆಳಗಾಗಲಿ ಅವುಗಳಿಂದ 3 ಮೀಟರ್‌ಗಿಂತ ಹತ್ತಿರವಾಗಲಿ ಇಡಬಾರದು. ತಾತ್ಕಾಲಿಕ ಕಟ್ಟಡ ಮತ್ತು ಪೆಂಡಾಲ್‌ಗಳ ಅಗ್ನಿ ಸುರಕ್ಷತೆಗೆ ಸಂಬಂಧಿಸಿದಂತೆ ಐಎಸ್ 8758 ಎಂಬ ಭಾರತೀಯ ಮಾನಕವಿದ್ದು, ಪೆಂಡಾಲ್ ಹಾಕಿಸುವವರು ಗುತ್ತಿಗೆದಾರರಿಗೆ ಅದನ್ನು ತಿಳಿಸುವುದು ಒಳಿತು. ಅರ್ಜಿಯೊಂದಿಗೆ ಸ್ಥಳದ ನಕ್ಷೆಯನ್ನು ಲಗತ್ತಿಸುವವರು ತೆರೆದ ಜ್ವಾಲೆಯ ದೀಪಗಳನ್ನು ಇಡುವ ಜಾಗ, ಅವುಗಳ ಸಂಖ್ಯೆ ಮತ್ತು ಇಂಧನವನ್ನು ನಕ್ಷೆಯಲ್ಲಿಯೇ ಗುರುತಿಸಿದರೆ ಸ್ಥಳ ಪರಿಶೀಲನೆಯ ವೇಳೆ ಪ್ರಶ್ನೆಗಳು ಉಳಿಯುವುದಿಲ್ಲ. ಜನರು ಹೊರಹೋಗುವ ದಾರಿಯ ಎರಡೂ ಬದಿಗೆ ದೀಪದ ಸಾಲು ಇಡುವುದು ಚೆಂದವೆನಿಸಬಹುದು. ಗದ್ದಲದ ಸಂದರ್ಭದಲ್ಲಿ ಅದೇ ದಾರಿ ಬೆಂಕಿಯ ಓಣಿಯಾಗುತ್ತದೆಂಬುದನ್ನು ಮರೆಯಬಾರದು. ಸೀರೆಯ ಸೆರಗು, ದುಪಟ್ಟಾ, ಪಂಚೆಗಳು ತಾಗದಂತೆ ದೀಪವನ್ನು ನೆಲದಿಂದ ಎತ್ತರದಲ್ಲಿ, ಜನರ ಓಡಾಟದಿಂದ ದೂರದಲ್ಲಿ ಇಡತಕ್ಕದ್ದು.

ಕಾಫಿ ತೋಟ ಮತ್ತು ಕಾಡಂಚಿನ ಹೋಂಸ್ಟೇಗಳವರು ಬೇಸಿಗೆಯ ತಿಂಗಳುಗಳಲ್ಲಿ, ತರಗೆಲೆ ಒಣಗಿರುವಾಗ, ಇಂತಹ ದೀಪಗಳನ್ನು ಸಂಪೂರ್ಣ ಕೈಬಿಡುವುದೇ ಸರಿ. ಅಭಯಾರಣ್ಯದೊಳಗೆ ಅದಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು ಅಥವಾ ಉರಿಯುವ ಬೆಂಕಿಯನ್ನು ಬಿಟ್ಟುಬರುವುದು 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ 30ನೇ ಪ್ರಕರಣದಂತೆ ನಿಷಿದ್ಧ.

ಮಕ್ಕಳಿರುವ ಮನೆಗಳಿಗೆ ವಿಶೇಷ ಸೂಚನೆ

ಬೆಂಕಿಯಷ್ಟೇ ದೊಡ್ಡದಾದ, ಆದರೆ ಕಣ್ಣಿಗೆ ಬೀಳದ ಅಪಾಯ ಇನ್ನೊಂದಿದೆ. ಜ್ಯೂಸು, ಪಾನೀಯ ತುಂಬಿ ಬಂದ ಬಾಟಲಿಯಲ್ಲಿ ಸೀಮೆಎಣ್ಣೆ ಇದ್ದರೆ ಮಗು ಅದನ್ನು ಪಾನೀಯವೆಂದೇ ತಿಳಿದು ಕುಡಿಯುತ್ತದೆ. ಕುಡಿದ ಸೀಮೆಎಣ್ಣೆ ಹೊಟ್ಟೆಯಲ್ಲಿ ಮಾಡುವ ಹಾನಿಗಿಂತ ಶ್ವಾಸಕೋಶಕ್ಕೆ ಸೇರಿ ಮಾಡುವ ಹಾನಿ ಭೀಕರ. ಆದ್ದರಿಂದ ಮಗುವಿಗೆ ಉಪ್ಪುನೀರು ಕುಡಿಸಿ ಅಥವಾ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲೇಬಾರದು. ವಾಂತಿಯಾಗುವಾಗಲೇ ಎಣ್ಣೆ ಶ್ವಾಸನಾಳಕ್ಕೆ ಇಳಿಯುತ್ತದೆ. ಎಣ್ಣೆ ತಾಗಿದ ಬಟ್ಟೆ ತೆಗೆದು, ಚರ್ಮ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಗು ಚೆನ್ನಾಗಿಯೇ ಇದೆ ಎನಿಸಿದರೂ ಕರೆದೊಯ್ಯಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಕಾರ್ಯಕ್ರಮ ಮುಗಿದೊಡನೆ, ದೀಪಗಳು ತಣಿದ ಮೇಲೆ, ಉಳಿದ ಎಣ್ಣೆಯನ್ನು ಸೀಮೆಎಣ್ಣೆಯ ಡಬ್ಬಕ್ಕೆ ಮರಳಿಸಿ ಬೀಗದೊಳಗೆ ಇಡಿ. ದೀಪದ ಬಾಟಲಿಗಳ ಮೇಲಿನ ಪಾನೀಯದ ಚೀಟಿಗಳನ್ನು ಮೊದಲೇ ಕಿತ್ತುಹಾಕಿರಬೇಕು.

ಅವಘಡ ಸಂಭವಿಸಿದಲ್ಲಿ

ಚೆಲ್ಲಿ ಹೊತ್ತಿಕೊಂಡ ಸೀಮೆಎಣ್ಣೆಗೆ ನೀರು ಎರಚಬಾರದು. ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಒಣ ಮರಳು, ಒದ್ದೆ ಗೋಣಿಚೀಲ ಅಥವಾ ಒಣ ರಾಸಾಯನಿಕ ಪುಡಿಯ ನಂದಕವನ್ನು ಬಳಸಬೇಕು. ದೀಪಗಳ ಸಾಲಿನ ಬಳಿ ಮರಳಿನ ಬಕೆಟ್ಟುಗಳನ್ನು ಇರಿಸಿ, ಅವುಗಳ ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಿಕೊಡಿ. ಬಟ್ಟೆಗೆ ಬೆಂಕಿ ತಗುಲಿದವರು ಓಡಬಾರದು. ಅವರನ್ನು ನೆಲದ ಮೇಲೆ ಮಲಗಿಸಿ ಕಂಬಳಿ ಸುತ್ತಿ ಹೊರಳಿಸಬೇಕು. ಬೆಂಕಿ ಆರಿದ ನಂತರ ಸುಟ್ಟ ಭಾಗದ ಮೇಲೆ 20 ನಿಮಿಷ ನಲ್ಲಿಯ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಬೆಣ್ಣೆ, ಮಂಜುಗಡ್ಡೆ ಏನನ್ನೂ ಹಚ್ಚಬಾರದು. ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು.

ತುರ್ತು ಕರೆ: 112. ಅಗ್ನಿಶಾಮಕ: 101. ಆಂಬುಲೆನ್ಸ್: 108.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಸಿಟ್ರೊನೆಲ್ಲಾ ಎಣ್ಣೆ ಬೆರೆಸಿದ ದೀಪ ಹಚ್ಚಿದರೆ ಡೆಂಗಿಯಿಂದ ರಕ್ಷಣೆ ದೊರೆಯುವುದೇ?
ಉ: ಅದನ್ನು ನಂಬಿ ಕೂರಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಮುಖ್ಯವಾಗಿ ಹಗಲಿನಲ್ಲಿ. ದೀಪ ಉರಿಯುವುದು ರಾತ್ರಿ. ನಿಂತ ನೀರನ್ನು ಚೆಲ್ಲುವುದೇ ಪರಿಹಾರ. ಮಳೆಗಾಲದಲ್ಲಿ ಹಿತ್ತಲಲ್ಲಿ ಬಾಯಿ ತೆರೆದು ಬಿದ್ದಿರುವ ಖಾಲಿ ಬಾಟಲಿಯೂ ಆ ಸೊಳ್ಳೆಯ ಮನೆಯಾಗಬಲ್ಲದು.

ಪ್ರ: ಒಡೆದ ಬಾಟಲಿಯನ್ನು ಏನು ಮಾಡಬೇಕು?
ಉ: ಚೂರುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು, ಒಣ ತ್ಯಾಜ್ಯದೊಂದಿಗೆ ಪ್ರತ್ಯೇಕವಾಗಿ ಪೌರಕಾರ್ಮಿಕರ ಕೈಗೆ ತಿಳಿಸಿ ಕೊಡಬೇಕು. ಹಸಿ ಕಸಕ್ಕೆ ಸೇರಿಸಿದ ಚೂರು ಅವರ ಬೆರಳನ್ನು ಕೊಯ್ಯುತ್ತದೆ.

ಪ್ರ: ಬಾಟಲಿಯೂ ಇರಲಿ, ಬೆಂಕಿ ಬೇಡ ಎನ್ನುವವರಿಗೆ ಬೇರೆ ದಾರಿ ಇದೆಯೇ?
ಉ: ಇದೆ. ಬ್ಯಾಟರಿಯ ಅಥವಾ ಸೌರಶಕ್ತಿಯ ಸಣ್ಣ ಎಲ್‌ಇಡಿ ಸರಗಳನ್ನು ಬಾಟಲಿಯೊಳಗೆ ಇಳಿಬಿಟ್ಟರೆ ಬೆಳಕು ದೊರೆಯುತ್ತದೆ. ಶಾಲಾ ಆವರಣ, ಪೆಂಡಾಲ್ ಹಾಗೂ ಬೇಸಿಗೆಯ ತೋಟಗಳಿಗೆ ಇದನ್ನೇ ಆರಿಸಿಕೊಳ್ಳಬೇಕೆಂದು ಕೋರಲಾಗಿದೆ.